ಎಂಟು ತತ್ತಿಯ ಚಕ್-ಚಕ್

ತೊಂಬತ್ತಾರನೇ ಇಸವಿಯಲ್ಲಿ ಕೆನಡಾಕ್ಕೆ ಬಂದ ಹುಬ್ಬಳ್ಳಿಯ ಚನ್ನಬಸಯ್ಯ ಎರಡು ವರ್ಷದಲ್ಲಿ ಕಲಿತದ್ದು ಒಂದೇ ವಿದ್ಯೆ: ಯಾರು ಏನೇ ಕೇಳಲಿ, "ಐ ನೋ, ಬಾಸ್" ಅನ್ನುವುದು. ಗೊತ್ತಿಲ್ಲ ಅಂದವನಿಗೆ ಇಲ್ಲಿ ಕೆಲಸ ಯಾರು ಕೊಡುತ್ತಾರೆ, ಮಣ್ಣು! ಹಾಗಾಗಿ ಮಾಲ್ಟನ್ನಿನ ಪ್ಲಾಸ್ಟಿಕ್ ಕಾರ್ಖಾನೆಯ ಸೂಪರ್‌ವೈಸರ್, ಕಜಾನ್ ಕಡೆಯ ತಾತಾರ ಇಲ್ದಾರ್, "ಶುಕ್ರವಾರ ನನಗೊಂದು ಸಂಭ್ರಮ. ಹೆಂಡತಿಯ ಕೈ ಮುರಿದಿದೆ, ನಮ್ಮ ಕಡೆಯ ಸಿಹಿ ಚಕ್-ಚಕ್ ಮಾಡುವವರಿಲ್ಲ" ಎಂದು ಮುಖ ಸಣ್ಣದು ಮಾಡಿದಾಗ ಚನ್ನಬಸಯ್ಯನ ಬಾಯಿ ತಾನಾಗಿ ತೆರೆಯಿತು.

"ಐ ನೋ, ಬಾಸ್. ನಾನೇ ಮಾಡಿ ತರ್ತೀನಿ."

ಸುಮ್ಮನೆ ಅಂದದ್ದಲ್ಲ. ಎರಡು ವರ್ಷದಿಂದ ಏಜೆನ್ಸಿಯ ಟೆಂಪರರಿ, ಅದೂ ಮಧ್ಯಾಹ್ನದ ಶಿಫ್ಟು. ಡೇ ಶಿಫ್ಟಿನಲ್ಲಿ ಒಂದು ಪರ್ಮನೆಂಟ್ ಕೆಲಸ ಖಾಲಿಯಿತ್ತು. ಅದು ಯಾರಿಗೆಂದು ಹೇಳುವವನು ಇಲ್ದಾರನೇ.

ಲೈಬ್ರರಿಯಿಂದ ಅಡುಗೆ ಪುಸ್ತಕ ತಂದು ತೆರೆದ. ಮೈದಾಹಿಟ್ಟಿನ ಚೂರು ಕರಿದು ಜೇನಿನ ಪಾಕದಲ್ಲಿ ಗುಡ್ಡೆ ಕಟ್ಟುವುದೇನೋ ಸರಿ. ಆದರೆ ಹಿಟ್ಟು ಕಲಸಲು ನೀರಲ್ಲ, ಎಂಟು ತತ್ತಿ! ದಿನಾ ಲಿಂಗಪೂಜೆ ಮಾಡುವ, ತತ್ತಿ ಮುಟ್ಟದ ಮನೆ; ಇಲ್ಲಿಯವರ ಬಸವ ಜಯಂತಿಯ ಪೂಜೆಗೂ ಇವನೇ. ಬಾಸನ್ನೇ ಕೇಳೋಣವೆಂದರೆ, ಗೊತ್ತು ಅಂದ ಬಾಯಿಂದ ಕೇಳುವುದು ಹೇಗೆ?

ಶುಕ್ರವಾರ ಬೆಳಿಗ್ಗೆ ಹೆಂಡತಿ ಪಾರ್ವತೆವ್ವ ಒಲೆಗೆ ಅಡ್ಡ ನಿಂತಳು. "ನನ್ನ ಒಲಿ ಮ್ಯಾಲೆ ಇದನ್ನಿಟ್ರ ನಾ ನೆಟ್ಟಗ ಏರ್‌ಪೋರ್ಟಿಗೆ ಹೋಗ್ತೀನ್ರಿ. ಇಲ್ಲೇ ಸಮೀಪ ಐತಿ!"

ಪಾಪ, ಗ್ಯಾರೇಜಿನಲ್ಲಿ ಪಿಕ್ನಿಕ್ ಸ್ಟೋವು ಹಚ್ಚಿದ. ಮೊದಲ ತತ್ತಿ ಒಡೆಯಲು ಹೋಗಿ ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡ. ಪಾಕ ಕುದಿಯುವಷ್ಟರಲ್ಲಿ ಮೇಲಿನ ಮಹಡಿಯಿಂದ ಬಾಡಿಗೆ ಮನೆಯ ಒಡತಿ ಗಿರಿಜವ್ವ ಮೂಗು ಅರಳಿಸಿಕೊಂಡು ಇಳಿದು ಬಂದಳು.

"ಉಂಡಿ ಕಟ್ಟಾಕತ್ತೀರೇನ್ರಿ ಅಯ್ನೋರ? ಪಾಕ ಇನ್ನಾ ಎಳಿ ಬಂದಿಲ್ಲ. ಸರೀರಿ, ಸೌಟು ನನ್ನ ಕೈಯಾಗ ಕೊಡ್ರಿ."

ಆಕೆ ಎಳೆ ಬರಿಸಿದ ಪಾಕದಲ್ಲಿ ಗುಡ್ಡೆ ಕಲ್ಲಾಯಿತು. ಸುತ್ತಿಗೆಯಿಂದ ಹೊಡೆದರೆ ಸುತ್ತಿಗೆಯೇ ಪುಟಿಯಿತು. ಮತ್ತೆ ಓಡಿಹೋಗಿ ಎಂಟು ತತ್ತಿ ತಂದ. ಈ ಸಲ ಗಿರಿಜವ್ವ ಡಬ್ಬಿ ನೋಡಿದಳು.

"ಶಿವ ಶಿವಾ! ತತ್ತಿ ಏನ್ರಿ ಇವು?"

ಆಕೆಯ ಫೋನು ಬ್ರ್ಯಾಂಪ್ಟನ್, ಎರಿನ್ ಮಿಲ್ಸ್ ಕಡೆಯ ಕನ್ನಡದ ಮನೆಗಳನ್ನೆಲ್ಲ ಸುತ್ತಿತು. ಎರಡನೇ ಗುಡ್ಡೆ ಆರುವ ಮೊದಲೇ ಬಸವ ಜಯಂತಿ ಸಮಿತಿಯ ಸಂತೋಷಕುಮಾರನ ಕರೆ ಬಂತು.

"ತಪ್ಪು ತಿಳ್ಕೋಬ್ಯಾಡ್ರಿ ಅಯ್ನೋರ. ಈ ಸಲ ಪೂಜಿಗೆ ಬ್ಯಾರೆಯವ್ರನ್ನ ಕರೀತೀವಿ."

ಚನ್ನಬಸಯ್ಯ ಫೋನು ಕುಕ್ಕಿದ. "ಪರ್ಮನೆಂಟ್ ಒಂದ್ ಆಗ್ಲಿ, ಎಲ್ಲಾರ ಬಾಯಿ ಮುಚ್ಚತೈತಿ" ಎಂದುಕೊಳ್ಳುತ್ತ ತಟ್ಟೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ.

ಲಂಚ್ ರೂಮಿನಲ್ಲಿ ಇಲ್ದಾರ್ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದ. "ಚೆನ್ನಾಗಿದೆ! ಆದರೆ ನನ್ನ ತಾಯಿ ಮೊಟ್ಟೆ ಹಾಕುತ್ತಿರಲಿಲ್ಲ. ಬಡತನ ನೋಡು, ಬರೀ ನೀರಲ್ಲಿ ಕಲಸುತ್ತಿದ್ದಳು. ಈಗಲೂ ನನಗೆ ಅದೇ ಇಷ್ಟ."

ಚನ್ನಬಸಯ್ಯ ತಟ್ಟೆಯ ಗುಡ್ಡೆಯನ್ನು ದಿಟ್ಟಿಸಿದ. ಕೆನಡಾಕ್ಕೆ ಬಂದ ಮೇಲೆ ಮೊದಲ ಸಲ ಒಂದು ಪ್ರಶ್ನೆ ಕೇಳಿದ. "ಬಾಸ್, ಸಂಭ್ರಮ ಯಾತರದು?"

ಇಲ್ದಾರ್ ಪಕ್ಕದಲ್ಲಿದ್ದ ದಾಂಡಿಗನ ಬೆನ್ನು ತಟ್ಟಿದ. "ನನ್ನ ಅಕ್ಕನ ಮಗ, ಕಜಾನಿನಿಂದ ಬಂದಿದ್ದಾನೆ. ಡೇ ಶಿಫ್ಟಿನ ಪರ್ಮನೆಂಟ್ ಕೆಲಸ ಇವನಿಗೇ ಆಯಿತು! ಇವನು ಮಷೀನಿನ ಮುಖ ಕಂಡವನಲ್ಲ. ಸೋಮವಾರದಿಂದ ನೀನೇ ಕಲಿಸಬೇಕು. ನಿನಗೆ ಎಲ್ಲ ಗೊತ್ತಲ್ಲ?"

ಚನ್ನಬಸಯ್ಯನ ಬಾಯಿ ತಾನಾಗಿ ತೆರೆಯಿತು.

"ಐ ನೋ, ಬಾಸ್."