ಅತ್ತೆಯವರನ್ನು ಕಚ್ಚಿದ ನಲ್ಲಿ

ಗೋಡೆಯಲ್ಲಿ ಒಂದು ಸ್ಕ್ರೂ ಸಡಿಲವಾಗಿ ಕಂಡರೆ ಕೈ ಸುಮ್ಮನಿರದ ಗಂಡಸರ ಪಂಗಡವೊಂದಿದೆ. ನಾನು ಅದಕ್ಕೆ ಸೇರಿದವನು. ಇದನ್ನು ಕಾಯಿಲೆ ಎನ್ನುವಂತಿಲ್ಲ. ಕಾಯಿಲೆಯಾದರೆ ರೋಗಿ ನರಳುತ್ತಾನೆ, ಇದರಲ್ಲಿ ನರಳುವವರು ಮನೆಯ ಉಳಿದ ಮಂದಿ. ಬಟವಾಡಿ ಬಡಾವಣೆಯ ನಮ್ಮ ಮನೆಯ ಬಾಗಿಲ ಚಿಲಕ, ಮಿಕ್ಸಿಯ ಮುಚ್ಚಳ, ನನ್ನ ಹೆಂಡತಿ ವಿಮಲಳ ಕನ್ನಡಕದ ಕಡ್ಡಿ ಎಲ್ಲವೂ ನನ್ನ ಚಿಕಿತ್ಸೆಗೆ ಒಳಗಾಗಿವೆ. ಕೆಲವು ಬದುಕಿಯೂ ಇವೆ. ವೃತ್ತಿಯಿಂದ ನಾನು ಗುಬ್ಬಿಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಕಾನೂನು ಪಾಲಿಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎಂದು ಹಗಲೆಲ್ಲ ಗಂಟಲು ಹರಿದುಕೊಂಡು, ಸಂಜೆ ಮನೆಗೆ ಬಂದು ಪಂಚೆ ಉಟ್ಟೆನೆಂದರೆ ಕೈಗೆ ಟೆಸ್ಟರ್ ತಾನಾಗಿಯೇ ಬಂದುಬಿಡುತ್ತದೆ.

ಹೀಗಿರುವಾಗ ಮಂಡಿನೋವನ್ನು ಇಲ್ಲಿನ ಡಾಕ್ಟರಿಗೆ ತೋರಿಸಲೆಂದು ಅತ್ತೆಯವರು ಕುಣಿಗಲ್ಲಿನಿಂದ ಬಂದರು. ಮಹಡಿ ಹತ್ತಲಾರದ ಅವರಿಗೆ ಹಿತ್ತಿಲ ಕಡೆಯ ಬಚ್ಚಲೇ ಅನುಕೂಲ, ಆದರೆ ಅಲ್ಲಿ ಬಿಸಿನೀರಿಲ್ಲ. ನಾನು ಅಂದೇ ಹೋಗಿ ಒಂದು ಗೀಸರ್ ತಂದೆ. ಅಂಗಡಿಯವನು, "ಸಾರ್, ಇದ್ಕೆ ಮೇನ್‌ನಿಂದ ಬೇರೆ ಲೈನ್ ಎಳೀಬೇಕು, ಅರ್ಥಿಂಗ್ ಇರ್ಲೇಬೇಕು. ಲೈಸೆನ್ಸ್ ಇರೋರ ಕೈಲೇ ಹಾಕ್ಸಿ, ಅದು ರೂಲ್ಸು" ಎಂದ. ನಾನು ನಕ್ಕೆ. ಗೋಡೆಗೆ ಒಂದು ಡಬ್ಬ ನೇತುಹಾಕಲೂ ಸರ್ಕಾರದ ಅಪ್ಪಣೆ ಬೇಕೆಂದರೆ ಸ್ವಾತಂತ್ರ್ಯ ಬಂದು ಏನು ಪ್ರಯೋಜನ?

"ರೀ, ಇದು ನನ್ನ ಕನ್ನಡಕ ಅಲ್ಲ, ಕರೆಂಟು" ಎಂದು ವಿಮಲ ಎಚ್ಚರಿಸಿದಳು. ನಾನು ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿ ತೋರಿಸಿದೆ. ಅದರಲ್ಲಿ ಒಬ್ಬ ಮಹಾನುಭಾವ ಹಾಡು ಗುನುಗುತ್ತ ಗೀಸರ್ ಕೂರಿಸುತ್ತಿದ್ದ. ಅವನಿಗೆ ಸಾಧ್ಯವಾದದ್ದು ಬಿ.ಎಡ್. ಮಾಡಿದ ನನಗೆ ಅಸಾಧ್ಯವೇ? ಅಡುಗೆಮನೆಯ ದೀಪದ ಪಾಯಿಂಟಿನಿಂದಲೇ ತಂತಿ ಎಳೆದೆ. ಗೀಸರಿನಿಂದ ಮೂರು ತಂತಿಗಳು ಹೊರಬಂದಿದ್ದವು, ನನ್ನ ಬಳಿ ಇದ್ದದ್ದು ಎರಡು. ಹಸಿರು ಬಣ್ಣದ ಮೂರನೆಯದು ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಕಂಪನಿಯವರು ಅಂದಕ್ಕೆಂದು ಕೊಟ್ಟಿರಬೇಕೆಂದುಕೊಂಡು ಅದನ್ನು ಸುರುಳಿ ಸುತ್ತಿ ಒಳಗೆ ತುರುಕಿದೆ. ಸ್ವಿಚ್ ಹಾಕಿದಾಗ ಫ್ಯೂಸ್ ಹೋಯಿತು. ಫ್ಯೂಸಿಗೆ ಇನ್ನಷ್ಟು ದಪ್ಪ ತಂತಿ ಹಾಕಿದೆ. ಆಮೇಲೆ ಅದು ತುಟಿ ಪಿಟಕ್ಕೆನ್ನಲಿಲ್ಲ. ನೀರು ಹೊಗೆಯಾಡುತ್ತ ಬಂತು. ಅತ್ತೆಯವರು, "ನನ್ ಮಗ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ" ಎಂದು ಕಣ್ಣೊರೆಸಿಕೊಂಡರು. ನನ್ನ ಎದೆ ಉಬ್ಬಿತು.

ಕೆಲವು ದಿನ ಕಳೆದ ಮೇಲೆ ಅತ್ತೆಯವರು ಬಚ್ಚಲಿನಿಂದ ಕೈ ಉಜ್ಜಿಕೊಳ್ಳುತ್ತ ಬಂದರು. "ಅಳಿಯಂದ್ರೇ, ಆ ನಲ್ಲಿ ಕಚ್ತದೆ."

"ನಲ್ಲಿ ಕಚ್ಚುತ್ತಾ?"

"ಮುಟ್ಟುದ್ರೆ ಜುಮ್ ಅಂತದೆ. ಇರುವೆ ಕಚ್ದಂಗೆ."

ನಾನು ಎದ್ದು ಹೋಗಿ ಅವರೆದುರೇ ನಲ್ಲಿಯನ್ನು ಹಿಡಿದೆ, ಸವರಿದೆ, ತಿರುಗಿಸಿದೆ. ಏನೂ ಆಗಲಿಲ್ಲ. ವಯಸ್ಸಾದ ಮೇಲೆ ನರ ದುರ್ಬಲವಾಗಿ ಕೈ ಜೋಮು ಹಿಡಿಯುವುದು ಸಹಜ ಎಂದು ವಿವರಿಸಿದೆ. ಮಂಡಿ ತೋರಿಸಲು ಹೋದಾಗ ಕೈಯ ವಿಷಯವನ್ನೂ ನಾನೇ ಮುಂದಾಗಿ ಡಾಕ್ಟರಿಗೆ ಹೇಳಿದೆ. ಅವರು ನರಕ್ಕೆ ಶಕ್ತಿ ಬರುವ ಗುಳಿಗೆ ಬರೆದುಕೊಟ್ಟರು. ಅತ್ತೆಯವರು ತಪ್ಪದೆ ಗುಳಿಗೆ ನುಂಗಿದರು. ನಲ್ಲಿ ತಪ್ಪದೆ ಕಚ್ಚಿತು. ನಾನು ಬಚ್ಚಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ಹೋಗುತ್ತಿದ್ದೆ, ಅವರು ಬರಿಗಾಲಲ್ಲಿ ಹೋಗುತ್ತಿದ್ದರು ಎಂಬುದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಮಹಡಿಯ ಬಚ್ಚಲಿನಲ್ಲಿ ವಿಮಲ ಇದ್ದಳು, ನನಗೆ ಗುಬ್ಬಿಯ ಬಸ್ಸಿಗೆ ಹೊತ್ತಾಗಿತ್ತು. ಹಿತ್ತಿಲ ಬಚ್ಚಲಿಗೆ ನುಗ್ಗಿದೆ. ಚಪ್ಪಲಿಯನ್ನು ಯಾರೋ ತೊಳೆದು ಬಿಸಿಲಿಗಿಟ್ಟಿದ್ದರು. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ನಲ್ಲಿಗೆ ಕೈ ಹಾಕಿದೆ.

ಇರುವೆಯಲ್ಲ, ಆನೆ. ಭುಜದವರೆಗೆ ಯಾರೋ ಕೊಡಲಿಯಲ್ಲಿ ಹೊಡೆದಂತಾಯಿತು. ಬೆರಳು ನಲ್ಲಿಗೆ ಅಂಟಿಕೊಂಡವು, ಬಿಡಿಸಲಾಗಲಿಲ್ಲ. ಕೂಗಬೇಕೆಂದರೆ ಹಲ್ಲು ಕಚ್ಚಿಕೊಂಡಿತ್ತು. ಗಂಟಲಿನಿಂದ ಹೊರಟ ವಿಚಿತ್ರ ಶಬ್ದ ಕೇಳಿ ಪಕ್ಕದ ಮನೆಯ ಸಾದಿಕ್ ಕಾಂಪೌಂಡ್ ಹಾರಿ ಬಂದರು. ಬಳೆ ಅಂಗಡಿಯವರಾದರೂ ಅವರಿಗೆ ನಮ್ಮ ಮೇನ್ ಸ್ವಿಚ್ ಹಿತ್ತಿಲ ಗೋಡೆಯಲ್ಲಿದೆಯೆಂದು ಗೊತ್ತಿತ್ತು, ದೇವರು ದೊಡ್ಡವನು. ಅವರು ಅದನ್ನು ಕೆಳಗೆಳೆದದ್ದೇ ನಾನು ಬಕೆಟ್ಟಿನ ಸಮೇತ ಬಾಗಿಲಿಗೆ ಬಂದು ಬಿದ್ದೆ.

"ಉಸ್ರು ಆಡ್ತಾ ಇದೆಯಾ ಸಾರ್?" ಎಂದು ಅವರು ಬಗ್ಗಿ ಕೇಳಿದರು. ಮೆಟ್ಟಿಲಿಳಿದು ಓಡಿಬಂದ ವಿಮಲ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅತ್ತೆಯವರು ಗೋಡೆ ಹಿಡಿದುಕೊಂಡು ಬಂದು ಇಣುಕಿ, "ನಿಮ್ಗೂ ನರ ವೀಕಾಯ್ತಾ ಅಳಿಯಂದ್ರೇ? ನನ್ ಗುಳ್ಗೆ ಅವೆ, ಕೊಡ್ಲಾ?" ಎಂದರು. ಅವರು ಹಾಸ್ಯ ಮಾಡುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು.

ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು ಹೃದಯಕ್ಕೇನೂ ಆಗಿಲ್ಲವೆಂದರು. ನನಗೆ ಮಾತ್ರ ಎದೆ ನಿಂತಂತಾದದ್ದು ಮನೆಗೆ ಬಂದು ಮಲಗಿದ ಮೇಲೆ. ಅಷ್ಟು ದಿನ ಅದೇ ನಲ್ಲಿಯನ್ನು, ಅದೇ ಒದ್ದೆ ನೆಲದ ಮೇಲೆ, ಆ ಹಿರಿಯ ಜೀವ ದಿನವೂ ಮುಟ್ಟಿತ್ತು. ಕಚ್ಚುತ್ತದೆ ಎಂದು ಬಾಯಿ ಬಿಟ್ಟು ಹೇಳಿದ್ದರೂ ನಾನು ಗುಳಿಗೆ ನುಂಗಿಸಿದ್ದೆ. ಎದ್ದುಹೋಗಿ ಅವರ ಕಾಲಬಳಿ ಕೂತೆ. ತಪ್ಪು ನಿಮ್ಮ ನರದ್ದಲ್ಲ, ನಾನು ಎಳೆದ ತಂತಿಯದು ಎಂದೆ. "ಬುಡಿ, ನೀವೇನು ಬೇಕೂಂತ ಮಾಡುದ್ರಾ" ಎಂದು ಅವರೇ ನನ್ನ ತಲೆ ಸವರಿದರು.

ಮರುದಿನ ಲೈಸೆನ್ಸ್ ಇರುವ ಗುತ್ತಿಗೆದಾರರೊಬ್ಬರು ಬಂದರು. ನನ್ನ ಕೆಲಸ ನೋಡಿ ತಲೆಯ ಮೇಲೆ ಕೈಹೊತ್ತು ಕುಕ್ಕರಗಾಲಲ್ಲಿ ಕೂತುಬಿಟ್ಟರು. ಅಂದಕ್ಕೆಂದು ನಾನು ತಿಳಿದಿದ್ದ ಹಸಿರು ತಂತಿಯೇ ಸೋರಿದ ಕರೆಂಟನ್ನು ನೆಲಕ್ಕಿಳಿಸಿ ಜೀವ ಉಳಿಸುವ ಅರ್ಥಿಂಗ್ ತಂತಿಯಂತೆ. ಅದಿಲ್ಲದೆ ಮೊದಲು ಸ್ವಲ್ಪವೇ ನಲ್ಲಿಗೆ ಸೋರುತ್ತಿದ್ದ ಕರೆಂಟು ದಿನೇದಿನೇ ಹೆಚ್ಚಾಗಿತ್ತಂತೆ. ನಾನು ದಪ್ಪ ಮಾಡಿದ್ದ ಫ್ಯೂಸ್ ಇನ್ನು ಕೆಲವು ದಿನ ಇದ್ದಿದ್ದರೆ ಅಡುಗೆಮನೆಯೇ ಹೊತ್ತಿಕೊಳ್ಳುತ್ತಿತ್ತಂತೆ. ಅಂಗಡಿಯವನು ಹೇಳಿದ ರೂಲ್ಸಿನಲ್ಲಿ ನಾನು ಮುರಿಯದೆ ಬಿಟ್ಟದ್ದು ಯಾವುದೂ ಇರಲಿಲ್ಲ. ಅವರು ಹೊಸ ಲೈನ್ ಎಳೆದು, ಅಂಗಳದಲ್ಲಿ ಗುಂಡಿ ತೋಡಿ ಅರ್ಥಿಂಗ್ ಮಾಡಿ, ಕರೆಂಟು ಒಂದಿಷ್ಟು ಸೋರಿದರೂ ತಾನೇ ಆಫ್ ಆಗುವ ಸ್ವಿಚ್ ಕೂರಿಸಿದರು.

ಗೀಸರಿಗೆಂದು ಹೆಚ್ಚಿನ ಲೋಡಿಗೆ ಅರ್ಜಿ ಹಾಕಿದ್ದರಿಂದ ವಿದ್ಯುತ್ ಕಚೇರಿಯ ಕಿರಿಯ ಇಂಜಿನಿಯರ್ ಒಬ್ಬರು ತಪಾಸಣೆಗೆ ಬಂದರು. ಚೂಟಿಯಾದ ಹೆಣ್ಣುಮಗಳು. ಹೊಸ ಕೆಲಸವನ್ನೆಲ್ಲ ನೋಡಿ ಮೆಚ್ಚಿಕೊಂಡು, ನಡುಮನೆಯಲ್ಲಿ ಕಾಫಿಗೆ ಕೂತಾಗ ಗುತ್ತಿಗೆದಾರರು ಕಿತ್ತು ಮೂಲೆಗೆ ಹಾಕಿದ್ದ ಸುಟ್ಟ ತಂತಿಯ ಕಡೆ ಬೆರಳು ತೋರಿಸಿ, "ಇದನ್ನ ಮೊದ್ಲು ಯಾರು ಸಾರ್ ಮಾಡಿದ್ದು?" ಎಂದು ಕೇಳಿದರು.

ವಿಮಲ ನನ್ನ ಮುಖ ನೋಡಿದಳು. ನಾನು ಕಾಫಿಯ ಲೋಟ ನೋಡಿದೆ. "ಯಾರೋ ಒಬ್ಬ ಮೇಡಂ, ಕೆಲಸ ಗೊತ್ತಿಲ್ದೋನು."

"ಲೈಸೆನ್ಸ್ ಇತ್ತಾ?"

"ಎಲ್ಲಿಂದ ಬರ್ಬೇಕು!" ನನ್ನೊಳಗಿನ ಸಮಾಜ ವಿಜ್ಞಾನದ ಮೇಷ್ಟ್ರು ಒಮ್ಮೆಲೇ ಎದ್ದು ನಿಂತರು. "ಜನರ ಪ್ರಾಣದ ಜೊತೆ ಆಟ ಆಡೋ ಇಂಥೋರ್ನೆಲ್ಲ ಸುಮ್ನೆ ಬಿಡಬಾರ್ದು ಮೇಡಂ. ಹಿಡಿದು ಒಳಗೆ ಹಾಕ್ಬೇಕು."

ಬಾಗಿಲ ಬಳಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅತ್ತೆಯವರು ತಲೆ ಎತ್ತಿದರು.

"ಒಳ್ಗೇ ಅವ್ರಲ್ಲವ್ವ," ಎಂದರು. "ನಿನ್ನೆದುರ್ಗೇ ಕಾಫಿ ಕುಡೀತಾ ಕೂತವ್ರೆ."