ಮುಂಗೈ ಮ್ಯಾಲಿನ ಮೆಣಸಿನಕಾಯಿ

ಕೈ ಮ್ಯಾಲೆ ಒಂದು ಮೆಣಸಿನಕಾಯಿ ಟ್ಯಾಟೂ ಹಾಕಿಸ್ಕೊಂಡು ನೋಡ್ರಿ, ತಿನ್ನದವರಿಗೂ ಖಾರ ಹತ್ತತೈತಿ. ನಾ ಹಾಕಿಸ್ಕೊಂಡಾಗಿಂದ ನಮ್ಮ ಮನ್ಯಾಗ ಒಂದಿಲ್ಲೊಂದು ತಮಾಷಾ ನಡದ ಐತಿ.

೧. ಮೆಸ್

ಹೋದ ವರ್ಷ ನನಗ ಡಿಪ್ರೆಶನ್ ಆಗಿತ್ತು. ಮಾದಾಪುರದ ಕಂಪನಿಗೆ ರಜಾ ಹಾಕಿ, ಅಲ್ಲಿನ ರೂಮಿಗೆ ಬೀಗ ಜಡಿದು, ಊರಿನ ಇನ್ನೊಂದು ತುದಿಗಿರೋ ಉಪ್ಪಲ್‌ನಾಗ ಅವ್ವನ ಮನ್ಯಾಗ ಬಿದ್ದಿದ್ದೆ. ಏನು ತಿಂದ್ರೂ ರುಚಿ ಇಲ್ಲ. ಗುಳಿಗಿ ತಗೊಂತ ತಗೊಂತ, ಒಂದಿನ ಸಂಜಿಮುಂದ ಮಿರ್ಚಿ ಭಜಿ ತಿನ್ನಬೇಕು ಅನ್ನಿಸ್ತು. ತಿಂದೆ. ಕಣ್ಣಾಗ ನೀರು ಬಂತು, ಹಿಂದ ನಗೂನೂ ಬಂತು. ಅಬ್ಬಾ, ಬದುಕೀನಿ ಅನ್ನಿಸ್ತು!

ಅದರ ನೆನಪಿಗೆ ಹಿಮಾಯತ್‌ನಗರಕ್ಕ ಹೋಗಿ, ಮುಂಗೈ ಮ್ಯಾಲೆ ಕೆಂಪು ಮೆಣಸಿನಕಾಯಿ ಬಿಡಿಸು ಅಂದೆ. ಟ್ಯಾಟೂ ಹಾಕಾಂವಗ ಚಿಟ್ಟಿ, ಗಂಡನ ಹೆಸರು, ಇಷ್ಟ ರೂಢಿ. ತೆಲುಗಿನ್ಯಾಗ ಕೇಳಿದ: "ಮೇಡಂ, ಮೆಸ್ ಇಡಾಕತ್ತೀರೇನು?"

೨. ಮೀಸಿ

ಅವ್ವ ಹೌಹಾರಿ ಕಾಕಾಗ ಫೋನ್ ಮಾಡಿ ಮನೀಗೆ ಕರಿಸಿದಳು. ಕಾಕಾ ಅಂದ್ರ ನಮ್ಮಪ್ಪನ ತಮ್ಮ. ಸರ್ಕಾರಿ ಫ್ಯಾಕ್ಟರಿಯಿಂದ ರಿಟೈರ್ ಆದ್ರೂ ನಮ್ಮ ಮನೀಗೆ ಇನ್ನೂ ಸೂಪರ್‌ವೈಜರ್.

"ದೇವರು ಕೊಟ್ಟ ಮೈ ಹೆಂಗೈತೋ ಹಂಗ ಇರಬೇಕು ತಂಗಿ. ಲೇಸರ್ ಹೊಡಿಸಿ ಇದನ್ನ ತಗಸು. ನಿನ್ನ ತಲಿ ನೆಟ್ಟಗಾಗೂತನ ಮಾದಾಪುರ ಬಂದ್!"

ಕಂಪನಿಯವರು ಸೋಮವಾರ ಬರಲೇಬೇಕು ಅಂದಿದ್ರು. ಹೋಗಲಿಲ್ಲಂದ್ರ ಕೆಲಸ ಹೋದಂಗ. ನನಗ ಸಿಟ್ಟು ನೆತ್ತಿಗೇರಿತು. ಕಾಕಾನ ಎಪ್ಪತ್ತರ ಮಾರಿ ಮ್ಯಾಲೆ ಇಪ್ಪತ್ತರ ಕರಿ ಮೀಸಿ ಮಿಂಚಾಕತ್ತಿತ್ತು.

"ಕಾಕಾ, ಈ ಮೀಸಿ ಬಣ್ಣ ದೇವರು ಯಾವ ಅಂಗಡ್ಯಾಗ ತಂದಾನ್ರಿ?"

೩. ನಿದ್ದಿ

ಕಾಕಾ ಬಿಡೂ ಪೈಕಿ ಅಲ್ಲ. ನನ್ನ ಮಾನಸಿಕ ಡಾಕ್ಟರ್ ಕಡೆ ತಾನ ಕರಕೊಂಡು ಹೋದ. "ಮೈ ಚುಚ್ಚಿಸ್ಕೊಂಡು ಬಂದಾಳ್ರಿ, ಗುಳಿಗಿ ಡಬಲ್ ಮಾಡ್ರಿ" ಅಂದ. ಡಾಕ್ಟರಮ್ಮ ನನ್ನ ಕೂಡ ಬ್ಯಾರೆ ಕುಂತು ಎಲ್ಲಾ ವಿಚಾರಿಸಿ, ಆಮ್ಯಾಲೆ ಕಾಕಾನ್ನ ಒಳಗ ಕರದ್ರು.

"ಟ್ಯಾಟೂ ರೋಗಾನೂ ಅಲ್ಲ, ಔಷಧಾನೂ ಅಲ್ಲ. ಗುಳಿಗಿ ಹಂಗ ನಡೀಲಿ, ಕೆಲಸಕ್ಕ ಹೋಗ್ಲಿ. ಅದಿರ್ಲಿ, ನಿಮಗ ನಿದ್ದಿ ಚಲೋ ಬರತೈತೇನ್ರಿ?"

ಆಟೋದಾಗ ಉಪ್ಪಲ್ ಬರೂತನ ಕಾಕಾಂದು ಒಂದ ಮಾತು: "ನನ್ನ ಯಾಕ ಕೇಳಿದಳು ಆಕಿ?"

೪. ಘಾಟು

ಡಾಕ್ಟರ್ ಮಾತು ಕಾಕಾಗ ಸಾಕಾಗಲಿಲ್ಲ. ದೃಷ್ಟಿ ತಗದ ನೋಡೂಣು ಅಂದ. ಕೆಂಪು ಮೆಣಸಿನಕಾಯಿ ನಿವಾಳಿಸಿ ಸುಡೂದು. ಘಾಟು ಬರಲಿಲ್ಲಂದ್ರ ದೃಷ್ಟಿ ಆಗೇತಿ, ಬಂದ್ರ ಏನೂ ಆಗಿಲ್ಲ.

"ಘಾಟು ಬಂದ್ರ ಸೋಮವಾರ ಹೊಂಟೆ" ಅಂದೆ.

"ಬರಲಿ ನೋಡೂಣು" ಅಂತ ಕಾಕಾ ತಾನ ಎದ್ದು ಕಿಟಕಿ, ಬಾಗಿಲ ಎಲ್ಲಾ ಹಾಕಿದ. ಘಾಟು ಹೊರಗ ಹೋಗಿ ಲೆಕ್ಕ ತಪ್ಪಬಾರದಂತ!

ಅವ್ವ ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ನನಗ ನಿವಾಳಿಸಿ ಕಾದ ಹಂಚಿಗೆ ಹಾಕಿದಳು. ಶಿವಾ ಶಿವಾ! ಅವ್ವ ಸೆರಗು ಮೂಗಿಗೆ ಒತ್ತಿ ಒಳಗ ಓಡಿದಳು. ನಾ ಕೆಮ್ಮಿಕೋತನ ಗ್ಯಾಸ್ ಆರಿಸಿ, ಕಿಟಕಿ ಚಿಲಕಕ್ಕ ಕೈ ಹಾಕಿ ನಿಂತೆ. ಕಾಕಾ ಕೆಮ್ಮಿ, ಸೀನಿ, ಮಾರಿ ಒರಸಿದ್ರ ಮೀಸಿ ಬಣ್ಣ ಗದ್ದಕ್ಕ ಇಳದಿತ್ತು.

"ಕಿಟಕಿ ತಗೀ ಲೇ!"

"ಮೊದಲ ಹೇಳ್ರಿ ಕಾಕಾ, ನಾ ಆರಾಮ ಅದೀನಿಲ್ಲೋ?"

"ಆರಾಮ ಅದಿ, ಭಾಳ ಆರಾಮ ಅದಿ! ಮಾದಾಪುರಕ್ಕ ಹೋಗು, ಬೇಕಾದ್ರ ಇನ್ನೊಂದು ಕೈಗೂ ಹಾಕಿಸ್ಕೋ, ಮೊದಲ ಆ ಕಿಟಕಿ ತಗೀ ನಮ್ಮವ್ವಾ!"