ವಿನ್-ವಿನ್‌ಗೆ ಹೋದ ಫ್ಯಾನು

ಒಂದು ನಿಮಿಷ ಕೂತು ಇದನ್ನು ಕೇಳಿಬಿಡಿ, ಆಮೇಲೆ ಬೇಕಾದರೆ ಎದ್ದು ಹೋಗಿ.

ಆಫೀಸಿನ ಪತ್ರಗಳನ್ನೆಲ್ಲ ಬರೆಯುವವನು ಅವನೇ, ಅದಕ್ಕೇ ಎಲ್ಲರ ಬಾಯಲ್ಲಿ ಡ್ರಾಫ್ಟಪ್ಪ. ಬೆಂಕಿಪೆಟ್ಟಿಗೆಯಂಥ ಆ ಆಫೀಸಿನಲ್ಲಿ ಇದ್ದದ್ದು ಒಂದೇ ಫ್ಯಾನು. ಅದರ ಕೆಳಗಿನ ಕುರ್ಚಿ ಅವನದು. ಅದೇ ಅವನ ಆಸ್ತಿ.

ಒಂದು ದಿನ ಕಿಟಕಿ ಪಕ್ಕದ ಮೇಜು ಖಾಲಿಯಾಯಿತು. ಕ್ಯಾಷಿಯರೂ ಸ್ಟೋರಿನ ಅಕ್ಕನೂ ಅದಕ್ಕಾಗಿ ಹಾವು ಮುಂಗುಸಿಯಾದರು.

"ಒಂದು ನೋಟಿಸ್ ಬರೆದು ಈ ಜಗಳ ಮುಗ್ಸಪ್ಪ" ಎಂದರು ಮ್ಯಾನೇಜರ್.

ಕಿಟಕಿ ಕ್ಯಾಷಿಯರಿಗೆ, ಅಕ್ಕ ಈಗಿರುವ ಟಾಯ್ಲೆಟ್ ಬಾಗಿಲ ಪಕ್ಕದಲ್ಲೇ ಇರಲಿ ಎಂದು ಡ್ರಾಫ್ಟಪ್ಪ ಇಂಗ್ಲಿಷಿನಲ್ಲಿ ಬರೆದ. ಕೊನೆಗೆ 'ಇದೊಂದು ವಿನ್-ವಿನ್ ಸಿಚುಯೇಷನ್' ಅಂತ ಒಗ್ಗರಣೆ ಬೇರೆ ಹಾಕಿದ.

ಮ್ಯಾನೇಜರ್ ಕನ್ನಡಕ ಮೇಲೇರಿಸಿದರು. "ವಿನ್-ವಿನ್ ಅಂದ್ರೆ ಇಬ್ರೂ ಗೆಲ್ಬೇಕು ಕಣಯ್ಯ. ಅಕ್ಕಂಗೆ ಏನ್ ಸಿಕ್ತು? ಅದೇ ಟಾಯ್ಲೆಟ್ ಬಾಗ್ಲು. ಆ ಪದ ತೆಗಿ, ಇಲ್ಲಾ ನಿಜ ಮಾಡು."

ಪದ ತೆಗೆದರೆ ನೋಟಿಸು ಮೀಸೆ ಬೋಳಿಸಿದ ಪೈಲ್ವಾನನ ಹಾಗೆ ಕಾಣುತ್ತಿತ್ತು. ಅವನು ಅಕ್ಕನ ಹತ್ತಿರ ಓಡಿದ.

"ಅಕ್ಕಾ, ಕಿಟಕಿ ಬಿಟ್ಟು ಇನ್ನೇನು ಕೊಟ್ರೆ ಗೆದ್ದೆ ಅನ್ಸುತ್ತೆ?"

ಅಕ್ಕ ನಿಧಾನಕ್ಕೆ ಮೇಲೆ ನೋಡಿದರು. "ನಿನ್ ಫ್ಯಾನು."

"ಅದು ನಂದಲ್ವಾ ಅಕ್ಕ..."

"ಬಿಡಪ್ಪ. ಸೋತೆ ಅಂತಾನೇ ಬರಿ."

ಫ್ಯಾನಿನ ಕೆಳಗಿನ ಜಾಗ ಕೊಟ್ಟೇಬಿಟ್ಟ. ಕ್ಯಾಷಿಯರ್ ಬಿಟ್ಟ ಮೂಲೆಯಲ್ಲಿ ಅಷ್ಟರಲ್ಲೇ ಬೀರು ಬಂದು ಕೂತಿತ್ತು. ಉಳಿದದ್ದು ಟಾಯ್ಲೆಟ್ ಬಾಗಿಲ ಪಕ್ಕದ ಜಾಗ. ಮೂಗು ಹಿಡಿದುಕೊಂಡೇ ನೋಟಿಸು ತಿದ್ದಿ ಬೋರ್ಡಿಗೆ ಅಂಟಿಸಿದ.

ಕ್ಯಾಷಿಯರ್ ಓದಿ ಹುಬ್ಬು ಗಂಟಿಕ್ಕಿದರು. "ಅಕ್ಕನೂ ಗೆದ್ರಾ? ಹಂಗಿದ್ರೆ ನಾನು ಗೆದ್ದಿದ್ದೇನ್ರೀ?"

"ನಾನೂ ಅದನ್ನೇ ಕೇಳ್ತಿರೋದು" ಎಂದರು ಅಕ್ಕ. "ಯಾರೂ ಸೋಲ್ದೆ ಅದೆಂಥ ಗೆಲುವು?"

ಗಲಾಟೆಗೆ ಮ್ಯಾನೇಜರ್ ಹೊರಬಂದರು. "ಯಾರೂ ಸೋತಿಲ್ಲ ಅಂತ ಯಾರ್ ಹೇಳಿದ್ದು? ಅಲ್ನೋಡಿ."

ಎಲ್ಲರೂ ಟಾಯ್ಲೆಟ್ ಕಡೆ ತಿರುಗಿದರು. ಅದೇ ಹೊತ್ತಿಗೆ ಒಳಗಿದ್ದವರು ಬಾಗಿಲು ತೆರೆದರು, ಅದು ಪಕ್ಕದಲ್ಲಿ ಕೂತಿದ್ದ ಡ್ರಾಫ್ಟಪ್ಪನ ಮೊಣಕೈಗೆ ಬಡಿಯಿತು. ಅಕ್ಕ, ಕ್ಯಾಷಿಯರ್ ಇಬ್ಬರ ಮುಖವೂ ಅರಳಿತು. "ಪಾಪ" ಎಂದರು ಅಕ್ಕ, ಫ್ಯಾನಿನ ಸ್ಪೀಡು ಹೆಚ್ಚಿಸುತ್ತಾ. ಕ್ಯಾಷಿಯರ್ ಸಿಳ್ಳೆ ಹಾಕಿಕೊಂಡು ಕಿಟಕಿ ತೆರೆದರು.

ಮ್ಯಾನೇಜರ್ ಮಾತ್ರ ಪೆನ್ನು ತೆಗೆದರು. "ಮೂವರಲ್ಲಿ ಒಬ್ಬ ಸೋತ ಮೇಲೆ ಇದು ವಿನ್-ವಿನ್ ಹೆಂಗಯ್ಯ ಆಗುತ್ತೆ?" ಎನ್ನುತ್ತಾ ಆ ಪದವನ್ನು ಹೊಡೆದುಹಾಕಿದರು.

"ಹಂಗಾದ್ರೆ ಸಾರ್, ನನ್ ಫ್ಯಾನು?"

"ನೋಟಿಸಲ್ಲಿ ಉಳಿದಿದ್ದೆಲ್ಲ ಸರಿಯಾಗೇ ಇದೆಯಲ್ಲಯ್ಯ."

ಈಗ ನೀವೇ ಹೇಳಿ. ನೀವಾಗಿದ್ದರೆ ಯಾವುದನ್ನು ಬಿಟ್ಟುಕೊಡುತ್ತಿದ್ದಿರಿ, ಪದವನ್ನೋ, ಫ್ಯಾನನ್ನೋ?